ಪರೀಕ್ಷೆ ಮುಗಿದ ಮೇಲೆ ಅರಳುವ ಹೂವು

ಮಕ್ಕಳೇ, ನಿಮಗೊಂದು ಲೆಕ್ಕ. ಜಪಾನಿನ ಟೋಕಿಯೋದಲ್ಲಿ ಸಕುರ, ಅಂದರೆ ಚೆರ್ರಿ ಹೂವು, ಅರಳಲು ಶುರುವಾಗುವುದು ಸರಾಸರಿ ಮಾರ್ಚ್ 24ರಂದು. ಒಂದು ವಾರದಲ್ಲಿ ಮರದ ತುಂಬ ಹೂವು. ಇನ್ನೊಂದು ವಾರ ಕಳೆದರೆ ಎಲ್ಲವೂ ನೆಲದ ಮೇಲೆ. ಮಾರ್ಚ್ ಕೊನೆಯಲ್ಲಿ ನಮ್ಮಲ್ಲಿ ಏನಿರುತ್ತದೆ? ಪರೀಕ್ಷೆ! ಬೇಸಿಗೆ ರಜೆ ಸಿಗುವುದು ಏಪ್ರಿಲ್ ಎರಡನೇ ವಾರಕ್ಕೆ. ಹಾಗಾದರೆ ನಮ್ಮ ಜಿಲ್ಲೆಯ ಶಾಲೆಯಲ್ಲಿ ಓದುವ ಮಗು ಸಕುರ ನೋಡುವುದು ಹೇಗೆ?

ಎರಡು ತಿಂಗಳಿಂದ ನಮ್ಮ ಕುಟುಂಬದಲ್ಲಿ ಇದೇ ಲೆಕ್ಕ. ಹೊರಟಿರುವವರು ಆರು ಜನ. ತುಮಕೂರಿನಿಂದ ನಾನು ಮತ್ತು ನಮ್ಮ ಮನೆಯವರು, ಗುಬ್ಬಿಯಿಂದ ನನ್ನ ಅಕ್ಕ, ಕುಣಿಗಲ್ಲಿನಿಂದ ಮಗಳು, ಅಳಿಯ, ಮೊಮ್ಮಗಳು. ಅಕ್ಕನಿಗೆ 72 ವರ್ಷ. ‘ಈ ವರ್ಷ ಹೋದರೆ ಹೋದೆ ಕಣೋ, ಮುಂದಿನ ವರ್ಷ ಮಂಡಿ ನನ್ನ ಮಾತು ಕೇಳಬೇಕಲ್ಲ’ ಅನ್ನುತ್ತಾಳೆ. ಮೊಮ್ಮಗಳಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ‘ದೊಡ್ಡಜ್ಜಿ, ನನ್ನ ಬಿಟ್ಟು ಹೋಗ್ತೀರಾ?’ ಎಂದು ಅವಳು ಫೋನಿನಲ್ಲೇ ಮುಖ ಊದಿಸಿಕೊಂಡಳು. ದೊಡ್ಡವರು ಮಾತ್ರ ಹೋಗಿಬರೋಣ ಎಂದು ಅಳಿಯ ಮೆಲ್ಲಗೆ ಹೇಳಿದಾಗ ಅಕ್ಕ ಒಪ್ಪಲಿಲ್ಲ. ‘ಮಗೂನ ಬಿಟ್ಟು ಹೂವು ನೋಡೋಕೆ ನಾನು ಬರಲ್ಲ.’ ಅಲ್ಲಿಗೆ ಮಾತು ಮುಗಿಯಿತು. ಒಬ್ಬರಿಗೆ ಈ ವರ್ಷವೇ ಆಗಬೇಕು, ಇನ್ನೊಬ್ಬರಿಗೆ ಮಾರ್ಚ್‌ನಲ್ಲಿ ಆಗದು.

ದಾರಿ ತೋರಿಸಿದ್ದು ಭೂಪಟ. ಜಪಾನ್ ತೆಂಕಣದಿಂದ ಬಡಗಣಕ್ಕೆ ಉದ್ದವಾಗಿ ಮಲಗಿರುವ ದೇಶ. ಬೆಚ್ಚಗಿನ ಒಕಿನಾವಾ ದ್ವೀಪಗಳಲ್ಲಿ ಜನವರಿಗೇ ಸಕುರ ಬಿರಿಯುತ್ತದೆ. ಮಾರ್ಚ್ ಕೊನೆಗೆ ಟೋಕಿಯೋ, ಕ್ಯೋಟೋ. ಅಲ್ಲಿಂದ ಹೂವು ಮೆಟ್ಟಿಲು ಹತ್ತಿದ ಹಾಗೆ ಉತ್ತರಕ್ಕೆ ಹೋಗುತ್ತದೆ. 1991ರಿಂದ 2020ರವರೆಗಿನ ಸರಾಸರಿಯ ಪ್ರಕಾರ ಅಓಮೊರಿ ಎಂಬ ಊರಿನಲ್ಲಿ ಮೊದಲ ಹೂವು ಏಪ್ರಿಲ್ 22ಕ್ಕೆ, ಇನ್ನೂ ಮೇಲಿನ ಸಪ್ಪೊರೊದಲ್ಲಿ ಮೇ 1ಕ್ಕೆ. ಈಚಿನ ವರ್ಷಗಳಲ್ಲಿ ಇವೂ ಹಲವು ದಿನ ಮುಂಚೆಯೇ ಬರುತ್ತಿವೆ. ಅಂದರೆ ನಮ್ಮ ಬೇಸಿಗೆ ರಜೆಗೆ ಸರಿಯಾದ ಸಕುರ ಜಪಾನಿನ ಉತ್ತರದಲ್ಲಿದೆ! ಎಲ್ಲರೂ ಟೋಕಿಯೋ, ಕ್ಯೋಟೋ ಎಂದು ಹೊರಡುವುದರಿಂದ ಇದು ಚಟ್ಟನೆ ಹೊಳೆಯುವುದಿಲ್ಲ.

ಹೂವು ಹೀಗೆ ಊರಿಂದೂರಿಗೆ ತಡವಾಗುವುದು ಯಾಕೆ? ಚೆರ್ರಿ ಮರ ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿ ನಿದ್ದೆಗೆ ಜಾರುತ್ತದೆ. ಚಳಿಗಾಲದ ಗಟ್ಟಿ ಚಳಿ ತಾಗಿದ ಮೇಲೆಯೇ ಅದಕ್ಕೆ ಎಚ್ಚರ. ಆಮೇಲೆ ಬಿಸಿಲಿನ ಕಾವು ಸಾಕಷ್ಟು ಸಿಕ್ಕರೆ ಮೊಗ್ಗು ಬಿರಿಯುತ್ತದೆ. ಟೋಕಿಯೋದವರ ಹತ್ತಿರ ಒಂದು ಸುಲಭ ಲೆಕ್ಕವಿದೆ. ಫೆಬ್ರುವರಿ 1ರಿಂದ ಪ್ರತಿದಿನದ ಗರಿಷ್ಠ ಉಷ್ಣಾಂಶವನ್ನು ಕೂಡಿಸುತ್ತ ಹೋಗಿ. ಮೊತ್ತ ಸುಮಾರು 600 ಡಿಗ್ರಿ ಮುಟ್ಟಿದಾಗ ಹೂವು ಬರುತ್ತದೆ ಎಂದು ಅಂದಾಜು. ಉತ್ತರದಲ್ಲಿ ಕಾವು ಸೇರುವುದು ನಿಧಾನ. ಅದಕ್ಕೇ ಹೂವೂ ನಿಧಾನ.

ಅಲ್ಲಿನ ಹವಾಮಾನ ಇಲಾಖೆ ಊರೂರಿನಲ್ಲಿ ಒಂದೊಂದು ಮರವನ್ನು ಗುರುತು ಮಾಡಿಟ್ಟಿದೆ. ಆ ಮರದಲ್ಲಿ ಐದಾರು ಹೂವು ಬಿಟ್ಟರೆ ‘ಸಕುರ ಅರಳಿತು’ ಎಂದು ಸಾರುತ್ತಾರೆ. ಇಡೀ ಊರು ಒಟ್ಟಿಗೆ ಅರಳುವುದಕ್ಕೂ ಕಾರಣವಿದೆ. ಹೆಚ್ಚಾಗಿ ಕಾಣುವ ‘ಸೊಮೆಯಿ ಯೊಶಿನೊ’ ತಳಿಯ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು. ನಮ್ಮ ತೋಟದ ಕಸಿ ಮಾವಿನ ಹಾಗೆ ಎಲ್ಲಕ್ಕೂ ಒಂದೇ ಗುಣ.

ಈಗ ನಮ್ಮ ಯೋಜನೆ. ಬೆಂಗಳೂರಿನಿಂದ ಟೋಕಿಯೋಗೆ ನೇರ ವಿಮಾನವಿದೆ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಮೊದಲ ಎರಡು ದಿನ ಟೋಕಿಯೋದಲ್ಲಿ ಸುಧಾರಿಸಿಕೊಳ್ಳುವುದು. ಮೂರನೇ ದಿನ ಶಿಂಕಾನ್ಸೆನ್ ಎಂಬ ವೇಗದ ರೈಲು ಹತ್ತಿದರೆ ಮೂರು ಗಂಟೆ ಚಿಲ್ಲರೆಯಲ್ಲಿ ಶಿನ್ ಅಓಮೊರಿ ನಿಲ್ದಾಣ. ಅಲ್ಲಿಂದ ಇನ್ನೊಂದು ರೈಲಿನಲ್ಲಿ ಹಿರೊಸಾಕಿ. ಅಲ್ಲೊಂದು ಹಳೆಯ ಕೋಟೆ, ಕೋಟೆಯ ಸುತ್ತ ಕಂದಕ, ಉದ್ಯಾನದಲ್ಲಿ ಸುಮಾರು 2,600 ಚೆರ್ರಿ ಮರಗಳು. ಹಿರೊಸಾಕಿ ಸೇಬಿನ ನಾಡು. ಸೇಬಿನ ಮರ ಸವರುವ ಜಾಣ್ಮೆಯನ್ನೇ ಚೆರ್ರಿಗೂ ಬಳಸಿ ಮುದಿ ಮರಗಳಲ್ಲೂ ಗೊಂಚಲು ಗೊಂಚಲು ಹೂವು ಬರಿಸುತ್ತಾರೆ. ನಾವು ತಲುಪುವಷ್ಟರಲ್ಲಿ ಹೂವು ಉದುರಲು ತೊಡಗಿದ್ದರೂ ನಷ್ಟವಿಲ್ಲ. ಎಸಳುಗಳು ಕಂದಕದ ನೀರನ್ನೆಲ್ಲ ಮುಚ್ಚಿ ಗುಲಾಬಿ ಬಣ್ಣದ ಚಾಪೆ ಹಾಸಿದಂತೆ ಕಾಣುತ್ತದೆ. ಜಪಾನಿಯರು ಅದಕ್ಕೆ ‘ಹೂವಿನ ತೆಪ್ಪ’ ಎನ್ನುತ್ತಾರೆ.

ಪೂರ್ತಿ ಉದುರಿ ಹೋಗಿದ್ದರೆ? ಅದಕ್ಕೂ ಉಪಾಯವಿದೆ. ಮತ್ತೆ ರೈಲು ಹತ್ತಿ ಸಮುದ್ರದಡಿಯ ಸೆಯಿಕಾನ್ ಸುರಂಗ ದಾಟುವುದು. 1988ರಲ್ಲಿ ತೆರೆದ ಈ ಸುರಂಗದ ಉದ್ದ ಸುಮಾರು 54 ಕಿಲೋಮೀಟರ್. ಆಚೆ ದಡದ ಹಕೊದಾತೆ ಊರಿನಲ್ಲಿ ನಕ್ಷತ್ರದ ಆಕಾರದ ಕೋಟೆಯಿದೆ. ಅಲ್ಲಿ ಹೂವು ಕೆಲವು ದಿನ ತಡ. ಹೂವು ನಮ್ಮ ಟಿಕೆಟ್ಟಿನ ತಾರೀಕು ನೋಡಿ ಅರಳುವುದಿಲ್ಲವಲ್ಲ! ಆದ್ದರಿಂದ ವಿಮಾನದ ದಿನ ಗಟ್ಟಿ ಮಾಡಿದರೂ ಊರುಗಳ ಸರದಿಯನ್ನು ಸ್ವಲ್ಪ ಸಡಿಲ ಬಿಟ್ಟಿದ್ದೇವೆ. ಒಂದು ಎಚ್ಚರ: ಏಪ್ರಿಲ್ 29ರಿಂದ ಮೇ 5ರವರೆಗೆ ಅಲ್ಲಿ ಸಾಲು ರಜೆ. ರೈಲು, ಹೋಟೆಲು ಎಲ್ಲ ಕಿಕ್ಕಿರಿಯುತ್ತವೆ. ಅದಕ್ಕೆ ಮೊದಲೇ ನಾವು ವಾಪಸ್. ಮೇ 5 ಅಲ್ಲಿನ ಮಕ್ಕಳ ದಿನ. ಬಣ್ಣದ ಬಟ್ಟೆಯ ಮೀನುಗಳನ್ನು ಪತಾಕೆಯಂತೆ ಹಾರಿಸುತ್ತಾರೆ. ಏಪ್ರಿಲ್‌ನಿಂದಲೇ ಅವು ಕಾಣಸಿಗುವುದರಿಂದ ಮೊಮ್ಮಗಳಿಗೆ ಬೇಸರವಿಲ್ಲ.

ನಮ್ಮ ಮನೆಯವರ ಚಿಂತೆ ಊಟದ್ದು. ನಾವು ಸಸ್ಯಾಹಾರಿಗಳು. ಅಲ್ಲಿನ ಸಾರುಗಳಿಗೆ ‘ದಶಿ’ ಎಂಬ ತಿಳಿಯೇ ಆಧಾರ, ಅದನ್ನು ಹೆಚ್ಚಾಗಿ ಒಣಮೀನಿನಿಂದ ಮಾಡುತ್ತಾರೆ. ತಟ್ಟೆಯಲ್ಲಿ ಬರೀ ತರಕಾರಿ ಕಂಡರೂ ರಸದಲ್ಲಿ ಮೀನಿರಬಹುದು. ಆದ್ದರಿಂದ ‘ಮಾಂಸ, ಮೀನು, ಮೀನಿನ ದಶಿ ಬೇಡ’ ಎಂದು ಜಪಾನಿ ಭಾಷೆಯಲ್ಲಿ ಚೀಟಿ ಬರೆಸಿಟ್ಟುಕೊಳ್ಳುತ್ತಿದ್ದೇವೆ. ಬೌದ್ಧ ದೇವಾಲಯಗಳ ‘ಶೋಜಿನ್ ರ್ಯೋರಿ’ ಎಂಬ ಊಟ ಸಸ್ಯಾಹಾರ. ಅನ್ನದ ಉಂಡೆಯೊಳಗೆ ‘ಉಮೆಬೊಶಿ’ ಎಂಬ ಹುಳಿ ಉಪ್ಪಿನ ಹಣ್ಣಿಟ್ಟು ಮಾರುತ್ತಾರೆ, ನಮ್ಮ ಅನ್ನ–ಉಪ್ಪಿನಕಾಯಿಯ ನೆಂಟನೇ ಸರಿ. ಹೂವಿನ ಕಾಲದ ಸಿಹಿ ‘ಸಕುರ ಮೋಚಿ’. ಅಕ್ಕಿಯ ಹಿಟ್ಟಿನೊಳಗೆ ಕೆಂಪು ಕಾಳಿನ ಸಿಹಿ ಹೂರಣ, ಮೇಲೆ ಉಪ್ಪಿನಲ್ಲಿಟ್ಟ ಚೆರ್ರಿ ಎಲೆಯ ಹೊದಿಕೆ. ‘ನಮ್ಮ ಹೋಳಿಗೆ ಹೂರಣ ಅಲ್ಲಿಗೂ ಹೋಗಿದೆಯಾ!’ ಎಂದು ಅಕ್ಕ ನಕ್ಕಳು. ಆದರೂ ಚಟ್ನಿಪುಡಿ, ಹುರಿಹಿಟ್ಟು ಚೀಲದಲ್ಲಿ ಇರುತ್ತವೆ.

ನಡೆನುಡಿಯನ್ನು ಕಲಿಸುವ ಕೆಲಸ ಮೊಮ್ಮಗಳದ್ದು. ಹೂಬಿಟ್ಟ ಮರದ ಕೆಳಗೆ ಕೂತು ಉಣ್ಣುವುದಕ್ಕೆ ‘ಹನಮಿ’ ಎನ್ನುತ್ತಾರೆ. ಕೊಂಬೆ ಮುರಿಯಬಾರದು, ಮುಡಿಯಲೆಂದು ಒಂದು ಹೂವನ್ನೂ ಕೀಳಬಾರದು. ರಸ್ತೆಯಲ್ಲಿ ಕಸದ ಡಬ್ಬ ಸಿಗುವುದು ಕಡಿಮೆ, ನಮ್ಮ ಕಸ ನಮ್ಮ ಚೀಲಕ್ಕೆ. ರೈಲಿನಲ್ಲಿ ಫೋನಿನಲ್ಲಿ ಮಾತಾಡುವ ಹಾಗಿಲ್ಲ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅದು ತೀರಿಕೊಂಡವರಿಗೆ ಎಡೆ ಇಡುವ ಕ್ರಮ. ಶಾವಿಗೆಯನ್ನು ಮಾತ್ರ ಸೊರ್ರೆಂದು ಸದ್ದು ಮಾಡಿ ಹೀರಬಹುದು, ಯಾರೂ ಬೈಯುವುದಿಲ್ಲ! ಇದೊಂದು ಪಾಠ ಅವಳಿಗೆ ತುಂಬ ಹಿಡಿಸಿದೆ.

ಅಜ್ಜ ಅಜ್ಜಿಯರಿಗೆ ಎರಡು ಮಾತು. ಏಪ್ರಿಲ್‌ನಲ್ಲೂ ಹಿರೊಸಾಕಿಯ ರಾತ್ರಿ ನಮ್ಮ ಜನವರಿಗಿಂತ ತಣ್ಣಗಿರುತ್ತದೆ, ಸ್ವೆಟರ್, ಕಾಲುಚೀಲ ಮರೆಯಬೇಡಿ. ನಡಿಗೆ ಬಹಳ. ಅಕ್ಕ ಈಗಲೇ ಗುಬ್ಬಿಯಲ್ಲಿ ದಿನಾ ಬೆಳಗ್ಗೆ ಅರ್ಧ ಗಂಟೆ ನಡೆಯುತ್ತಿದ್ದಾಳೆ. ನೆಲದ ಮೇಲೆ ಕೂರಲಾಗದವರಿಗೆ ಮಡಿಸುವ ಸಣ್ಣ ಸ್ಟೂಲು ಒಳ್ಳೆಯದು. ಪಾಸ್‌ಪೋರ್ಟ್, ವೀಸಾ, ಮಾತ್ರೆ, ವೈದ್ಯರ ಚೀಟಿ ಒಂದೇ ಕೈಚೀಲದಲ್ಲಿರಲಿ.

ಜಪಾನಿಗೆ ಹೋಗಲಾಗದ ಮಕ್ಕಳಿಗೂ ಒಂದು ಕೆಲಸ ಕೊಡುತ್ತೇನೆ. ಕ್ಯೋಟೋದಲ್ಲಿ ಸಕುರ ತುಂಬಿ ಅರಳಿದ ದಿನಗಳ ಲೆಕ್ಕ ಕ್ರಿ.ಶ. 812ರಿಂದ ಸಿಗುತ್ತದೆ. ಅರಮನೆಯವರು, ಭಿಕ್ಷುಗಳು ದಿನಚರಿಯಲ್ಲಿ ಬರೆದಿಟ್ಟದ್ದು. 2021ರಲ್ಲಿ ಅಲ್ಲಿ ಮಾರ್ಚ್ 26ಕ್ಕೇ ಮರ ತುಂಬಿ ಅರಳಿತು. ಅದುವರೆಗಿನ 1,200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಆ ಹಳೆಯ ದಿನಚರಿಗಳು ಇಂದು ಸಾಕ್ಷಿ ಹೇಳುತ್ತಿವೆ. ನಿಮ್ಮ ಬೀದಿಯಲ್ಲೂ ಒಂದು ಹೊಂಗೆ ಮರ ಇದ್ದೇ ಇರುತ್ತದೆ. ಯುಗಾದಿಯ ಹೊತ್ತಿಗೆ ಹೊಸ ಚಿಗುರು, ಆಮೇಲೆ ಹೂವು, ಬೆಳಗ್ಗೆ ಎದ್ದರೆ ನೆಲದ ತುಂಬ ಅರಳು ಚೆಲ್ಲಿದ ಹಾಗೆ. ಒಂದು ಮರ ಆರಿಸಿಕೊಳ್ಳಿ. ಮೊದಲ ಐದು ಹೂವು ಕಂಡ ದಿನ, ಮರ ತುಂಬಿದ ದಿನ, ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮ್ಮ ತಾತನ ಕಾಲದಲ್ಲಿ ಯಾವಾಗ ಹೂವು ಬಿಡುತ್ತಿತ್ತು ಎಂದು ಕೇಳಿ, ಅದನ್ನೂ ಪಕ್ಕದಲ್ಲಿ ಬರೆಯಿರಿ.

ಕುಣಿಗಲ್ಲಿನ ಮೊಮ್ಮಗಳು ಮನೆ ಮುಂದಿನ ಹೊಂಗೆಯ ಹೆಸರಿನಲ್ಲಿ ಪುಟ ಶುರು ಮಾಡಿದ್ದಾಳೆ. ಎದುರಿನ ಪುಟ ಖಾಲಿ ಬಿಟ್ಟಿದ್ದಾಳೆ, ಹಿರೊಸಾಕಿಯ ಸಕುರಕ್ಕೆ. ಆದರೆ ಅದಕ್ಕೆ ಮೊದಲು ಗಣಿತದ ಪರೀಕ್ಷೆ ಇದೆ!