ದಾನ ಬಾಯಲ್ಲಿ ಬೇಡ, ವೀಲಿನಲ್ಲಿರಲಿ

"ನನ್ನ ಕಾಲದ ನಂತರ ನಮ್ಮ ಶಾಲೆಗೆ ಏನಾದರೂ ಕೊಡಬೇಕು." ಹೀಗೆ ಹೇಳುವ ಹಿರಿಯ ಕೃಷಿಕರು ಎಲ್ಲ ಊರುಗಳಲ್ಲೂ ಇದ್ದಾರೆ. ಕೆಲವರಿಗೆ ಶಾಲೆ, ಕೆಲವರಿಗೆ ವಾಚನಾಲಯ, ಇನ್ನು ಕೆಲವರಿಗೆ ಭಜನಾ ಮಂದಿರ. ಮನಸ್ಸೇನೋ ದೊಡ್ಡದೇ. ಆದರೆ ಹೆಚ್ಚಿನವರ ದಾನ ಜಗಲಿಯ ಮಾತಿನಲ್ಲೇ ಉಳಿದುಬಿಡುತ್ತದೆ. ಹೇಳಿದವರು ತೀರಿಕೊಂಡ ಮೇಲೆ ಒಬ್ಬ ಮಗ "ಅಪ್ಪ ಐವತ್ತು ಸಾವಿರ ಅಂದಿದ್ದರು" ಅನ್ನುತ್ತಾನೆ. ಇನ್ನೊಬ್ಬ "ನನ್ನ ಹತ್ರ ಹೇಳಿಲ್ಲ" ಅನ್ನುತ್ತಾನೆ. ಕೊನೆಗೆ ಶಾಲೆಗೂ ಸಿಗಲಿಲ್ಲ, ಅಣ್ಣತಮ್ಮಂದಿರಲ್ಲಿ ಮಾತೂ ಉಳಿಯಲಿಲ್ಲ.

ನನ್ನ ಅಭಿಪ್ರಾಯ ಇಷ್ಟೆ. ಸಣ್ಣ ಕೃಷಿಕನೂ ಊರಿಗೆ ಏನಾದರೂ ಬಿಟ್ಟುಹೋಗಬಹುದು. ಆದರೆ ಅದು ಬರಹದಲ್ಲಿರಬೇಕು, ಜಾಗದ ಬದಲು ಹಣದ ರೂಪದಲ್ಲಿರಬೇಕು, ಮನೆಯವರಿಗೆ ಮೊದಲೇ ಗೊತ್ತಿರಬೇಕು.

ಎರಡೆಕ್ರೆಯವನಿಗೆ ಎಂಥ ದಾನ?

ಉಯಿಲಿನ ಮೂಲಕ ದಾನ ಎಂದರೆ ನಮಗೆ ನೆನಪಾಗುವುದು ದೊಡ್ಡವರು. ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮೊದಲು ಉಯಿಲು ಬರೆದು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಅವರದು ಸಂಸ್ಥಾನ, ನಮ್ಮದು ಎರಡೆಕ್ರೆ ತೋಟ. ಹೋಲಿಕೆಯೇ ಇಲ್ಲ ಅನ್ನಬಹುದು.

ಆದರೆ ಊರಿನ ಶಾಲೆಗೆ ಸಂಸ್ಥಾನ ಬೇಕಾಗಿಲ್ಲ. 25,000 ರೂಪಾಯಿಯ ದತ್ತಿನಿಧಿ ಇಟ್ಟರೆ, ಶೇ. 6 ಬಡ್ಡಿ ಎಂದಿಟ್ಟುಕೊಂಡರೂ ವರ್ಷಕ್ಕೆ 1,500 ರೂಪಾಯಿ ಬರುತ್ತದೆ. ಐದಾರು ಮಕ್ಕಳ ನೋಟ್‌ಪುಸ್ತಕದ ಖರ್ಚು ಅದರಲ್ಲಿ ಹೋದೀತು. ಅಸಲು ಹಾಗೇ ಇರುತ್ತದೆ.

"ಕೊಡುವುದಾದರೆ ಬದುಕಿರುವಾಗಲೇ ಕೊಡಿ" ಎನ್ನುವವರಿದ್ದಾರೆ. ಕೈಲಾದವರು ಹಾಗೇ ಮಾಡಲಿ. ಆದರೆ ನಮಗೆ ಸಂಬಳದವರ ಹಾಗೆ ಪಿಂಚಣಿ ಇಲ್ಲ. ಒಂದು ಆಪರೇಶನ್ ಬಂದರೆ ಇದ್ದ ಠೇವಣಿಯೆಲ್ಲ ಕರಗುತ್ತದೆ. ದಾನಪತ್ರ ಮಾಡಿ ಕೊಟ್ಟದ್ದನ್ನು ವಾಪಸು ಕೇಳುವ ಹಾಗಿಲ್ಲ. ವೀಲು ಹಾಗಲ್ಲ. ಅದು ಜಾರಿಗೆ ಬರುವುದೇ ನಮ್ಮ ಕಾಲದ ನಂತರ. ಅಲ್ಲಿವರೆಗೆ ಎಷ್ಟು ಸಲವೂ ಬದಲಾಯಿಸಬಹುದು, ಕೊನೆಯದ್ದೇ ಊರ್ಜಿತ. ಬೆಳೆ, ರೇಟು, ಆರೋಗ್ಯ ಯಾವುದಕ್ಕೂ ಭರವಸೆ ಇಲ್ಲದ ನಮ್ಮಂಥವರಿಗೆ ಇದೇ ಹೊಂದುವ ದಾರಿ.

ನಾಮಿನಿ ಹಾಕಿದರೆ ಸಾಕೇ?

ಸಾಲದು. "ಸೊಸೈಟಿಯ ಠೇವಣಿಗೆ ಮಾಷ್ಟ್ರ ಹೆಸರು ನಾಮಿನಿ ಹಾಕಿದ್ದೇನೆ, ಅವರು ಶಾಲೆಗೆ ಕೊಡುತ್ತಾರೆ" ಎಂಬ ಲೆಕ್ಕಾಚಾರ ಅಪಾಯದ್ದು. ಬ್ಯಾಂಕಿನಲ್ಲಿ ನಾಮಿನಿ ಎಂದರೆ ಹಣ ಪಡಕೊಳ್ಳುವ ಕೈ, ಅಷ್ಟೆ. ಹಣದ ಹಕ್ಕು ವೀಲು ಇದ್ದರೆ ಅದರಂತೆ, ಇಲ್ಲವಾದರೆ ವಾರಸುದಾರರಿಗೆ. ಸುಪ್ರೀಂ ಕೋರ್ಟು 1984ರಲ್ಲಿ ಜೀವವಿಮೆಯ ಬಗ್ಗೆ, 2010ರಲ್ಲಿ ಬ್ಯಾಂಕ್ ಖಾತೆಯ ಬಗ್ಗೆ, 2023ರಲ್ಲಿ ಕಂಪೆನಿ ಶೇರಿನ ಬಗ್ಗೆ ಇದನ್ನೇ ಹೇಳಿದೆ. ವಿಮೆಯಲ್ಲಿ ಮಾತ್ರ 2015ರ ತಿದ್ದುಪಡಿಯ ನಂತರ ಹೆಂಡತಿ ಅಥವಾ ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ ಹಣ ಅವರದ್ದೇ ಆಗುತ್ತದೆ.

2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಒಬ್ಬರಿರಲಿ, ನಾಲ್ವರಿರಲಿ, ಅದು ವೀಲಿಗೆ ಬದಲಿ ಅಲ್ಲ. ಮಾಷ್ಟ್ರು ಪ್ರಾಮಾಣಿಕರೇ ಇರಬಹುದು. ನಮ್ಮ ಮಕ್ಕಳು ತಕರಾರು ತೆಗೆದರೆ ಅವರೇನು ಮಾಡಬೇಕು? ಒಳ್ಳೆಯ ಮನುಷ್ಯನನ್ನು ನಾವೇ ಕೋರ್ಟಿನ ಮೆಟ್ಟಲು ಹತ್ತಿಸಿದ ಹಾಗಾಗುತ್ತದೆ. ನಾಮಿನಿ ಮನೆಯವರೇ ಇರಲಿ. ದಾನದ ಮಾತು ವೀಲಿನಲ್ಲಿರಲಿ.

ಜಾಗ ಬೇಡ, ಹಣ ಸಾಕು

"ಹತ್ತು ಸೆಂಟ್ಸ್ ಜಾಗ ಬರೆದುಬಿಡುತ್ತೇನೆ" ಎನ್ನುವುದು ನಮ್ಮವರ ಅಭ್ಯಾಸ. 1974ರ ತಿದ್ದುಪಡಿಯಲ್ಲಿ ಬಂದ ಭೂಸುಧಾರಣಾ ಕಾಯಿದೆಯ 79ಬಿ ಕಲಮು, ಸಂಘ ಮತ್ತು ಟ್ರಸ್ಟುಗಳು ಕೃಷಿಭೂಮಿ ಹೊಂದುವುದನ್ನು ತಡೆದಿತ್ತು. 2020ರಲ್ಲಿ ಆ ಕಲಮನ್ನು ತೆಗೆದುಹಾಕಿದರು. ಆದರೂ ನಾನು ಜಾಗ ಬೇಡ ಎನ್ನುತ್ತೇನೆ. ತೋಟದ ನಡುವೆ ಬೇರೆಯವರ ತುಂಡು ಬಂದರೆ ದಾರಿ, ನೀರು, ಬೇಲಿ ಎಲ್ಲದಕ್ಕೂ ಜಗಳ. ಸರ್ವೆ, ಪೋಡಿ, ಆರ್‌ಟಿಸಿ ಬದಲಾವಣೆ ಎಂದು ಸಂಘದವರು ಅಲೆಯಬೇಕು. ಮಂಜೂರಾತಿಯ ಜಾಗವಾದರೆ ಅದರ ಶರ್ತಗಳು ಬೇರೆ. ಕುಮ್ಕಿಯಂತೂ ಸರಕಾರದ್ದು, ಅದನ್ನು ವೀಲು ಬರೆಯಲು ನಮಗೆ ಹಕ್ಕೇ ಇಲ್ಲ.

ಹಣ ಬರೆಯುವಾಗಲೂ ಒಂದು ಜಾಗ್ರತೆ ಬೇಕು. "ಇಂಥ ನಂಬ್ರದ ಠೇವಣಿ ಶಾಲೆಗೆ" ಎಂದು ಬರೆದು, ಮುಂದೆ ಆಸ್ಪತ್ರೆಯ ಖರ್ಚಿಗೆ ಅದನ್ನೇ ಮುರಿದರೆ ದಾನವೂ ಅಲ್ಲಿಗೆ ಮುಗಿಯಿತು. ಅದರ ಬದಲು "ಸಾಲ ತೀರಿಸಿ ಉಳಿದ ಠೇವಣಿ ಮೊತ್ತದಲ್ಲಿ ಇಪ್ಪತ್ತರಲ್ಲಿ ಒಂದು ಪಾಲು" ಎಂದು ಬರೆಯುವುದು ಒಳ್ಳೆಯದು. ಉಳಿದಷ್ಟರಲ್ಲಿ ಪಾಲು. ಮನೆಯವರಿಗೂ ಭಾರವಾಗದು. ಬೆಳೆಸಾಲ ಬಾಕಿ ಇದ್ದರೆ ಮೊದಲು ಅದು, ಆಮೇಲೆ ದಾನ. ಕಾನೂನೂ ಹಾಗೆಯೇ ಹೇಳುತ್ತದೆ.

ಬರೆಯುವಾಗ ಗಮನಿಸಿ

ವೀಲಿಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಪ್ರಯೋಜನ ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ಶಾಲೆಗೆ ಕೊಡುವುದಾದರೆ ಅದರ ಮಾಷ್ಟ್ರು, ಸಮಿತಿಯವರು ಸಾಕ್ಷಿಯಾಗದಿರುವುದೇ ಲೇಸು. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾಡಿಸಿಬಿಟ್ಟರೆ ಮುಂದೆ "ಇದು ಅಪ್ಪನ ಸಹಿಯೇ ಅಲ್ಲ" ಎಂಬ ಮಾತು ಕಮ್ಮಿ. ಜಾರಿ ಮಾಡಲು ನಂಬಿಕೆಯ ಒಬ್ಬರ ಹೆಸರನ್ನೂ ಬರೆಯಿರಿ.

ಸಂಸ್ಥೆಯ ಪೂರ್ತಿ ಹೆಸರು, ಊರು ಬೇಕು. ಬರೇ "ನಮ್ಮ ಶಾಲೆ" ಎಂದರೆ ಸಾಲದು. ಮಕ್ಕಳಿಲ್ಲದೆ ಬಾಗಿಲು ಹಾಕಿದ ಹಳ್ಳಿಶಾಲೆಗಳನ್ನು ನಾವು ನೋಡಿದ್ದೇವೆ. ಆದ್ದರಿಂದ "ಆ ಶಾಲೆ ಇಲ್ಲವಾದರೆ ಇಂಥದ್ದಕ್ಕೆ" ಎಂದು ಎರಡನೆಯ ಹೆಸರೂ ಇರಲಿ.

ಯಾರು ಎಷ್ಟು ಬರೆಯಬಹುದು? ಹಿಂದೂಗಳು ಸ್ವಯಾರ್ಜಿತವನ್ನು ಪೂರ್ತಿ ಬರೆಯಬಹುದು. ಕುಟುಂಬದ ಆಸ್ತಿಯಲ್ಲಿ ತಮ್ಮ ಪಾಲನ್ನು ಮಾತ್ರ. 1956ರ ಉತ್ತರಾಧಿಕಾರ ಕಾಯಿದೆಯ 30ನೇ ಕಲಮಿನಲ್ಲಿ ಕವರಿನ ಪಾಲೂ ಸೇರಿದೆ. ಮುಸ್ಲಿಮರು ಸಾಲ ಮತ್ತು ಅಂತ್ಯಕ್ರಿಯೆಯ ಖರ್ಚು ಕಳೆದು ಉಳಿದದ್ದರಲ್ಲಿ ಮೂರನೇ ಒಂದರವರೆಗೆ ಬರೆಯಬಹುದು. ಹತ್ತಿರದ ಸಂಬಂಧಿಕರಿದ್ದ ಕ್ರೈಸ್ತರು ಧರ್ಮಕಾರ್ಯಕ್ಕೆ ಬಿಡುವುದಾದರೆ ಸಾಯುವುದಕ್ಕೆ ಹನ್ನೆರಡು ತಿಂಗಳ ಮೊದಲೇ ವೀಲು ಮಾಡಿರಬೇಕೆಂಬ ನಿಯಮವಿತ್ತು. ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ರದ್ದು ಮಾಡಿತು. ನಿಮ್ಮ ದಾಖಲೆಗಳನ್ನು ಒಮ್ಮೆ ವಕೀಲರಿಗೆ ತೋರಿಸಿ. ಆ ಫೀಸು ನಷ್ಟವಲ್ಲ.

ಮೊದಲು ಮನೆ

ಕೊನೆಯದಾಗಿ ಒಂದು ಖಾರದ ಮಾತು. ಹೆಂಡತಿಯ ಮುಪ್ಪಿಗೆ ವ್ಯವಸ್ಥೆ ಮಾಡದೆ ಊರಿಗೆ ದಾನ ಬರೆಯುವುದು ಪುಣ್ಯವಲ್ಲ. 2005ರಿಂದ ಹೆಣ್ಣುಮಕ್ಕಳಿಗೂ ಕುಟುಂಬದ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕಿದೆ. ಅವರನ್ನು ತಪ್ಪಿಸಲು ಧರ್ಮದ ಹೆಸರು ಬಳಸುವುದೂ ಬೇಡ. ಮನೆಯವರನ್ನೆಲ್ಲ ಕೂರಿಸಿ, ವೀಲು ಬರೆಯುವ ಮೊದಲೇ ವಿಷಯ ಹೇಳಿ. ಆಗ ಅವರು ಬೇಡವೆಂದರೆ ಕಾರಣ ಕೇಳಿ, ಮೊತ್ತ ತಗ್ಗಿಸಿ. ಮಕ್ಕಳು ಒಪ್ಪಿ ಕೊಟ್ಟ ಹತ್ತು ಸಾವಿರ, ಶಪಿಸುತ್ತ ಕೊಟ್ಟ ಲಕ್ಷಕ್ಕಿಂತ ಮೇಲು.

ತೆಂಗಿನ ಸಸಿ ನೆಡುವಾಗ ಅದರ ಫಲವನ್ನೆಲ್ಲ ನಾವೇ ತಿನ್ನುತ್ತೇವೆಂದು ಯಾರೂ ನೆಡುವುದಿಲ್ಲ. ಊರಿಗಾಗಿ ಬರೆಯುವ ಒಂದು ಸಾಲೂ ಹಾಗೆಯೇ. ಅಡಿಕೆ ಕೊಯ್ಲು ಮುಗಿದು ಬಿಡುವಾದಾಗ ಒಂದು ಮಧ್ಯಾಹ್ನ ಇದಕ್ಕಾಗಿ ಕೂರಬಾರದೇಕೆ? ಏನಂತೀರಿ?