ಊರಿಗೆ ಹೊರಡುವ ಮುನ್ನ ಟಯರಿನ ಗಾಳಿ

ಮೇ ತಿಂಗಳ ರಜೆ, ಚೌತಿ, ಕುಟುಂಬದ ದೈವ-ದೇವರ ಕಾರ್ಯ, ಮದುವೆ ಎಂದು ಮುಂಬಯಿಯ ತುಳು-ಕನ್ನಡಿಗರು ಕಾರಿನಲ್ಲೇ ಊರಿಗೆ ಹೊರಡುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಕೆಲವರು ಪನ್ವೇಲ್, ಚಿಪ್ಳೂಣ್, ಸಾವಂತವಾಡಿ ದಾರಿ ಹಿಡಿದರೆ, ಕೆಲವರು ಪುಣೆ, ಕೊಲ್ಹಾಪುರ, ಬೆಳಗಾವಿಯ ಮೂಲಕ ಹೋಗುತ್ತಾರೆ. ಯಾವ ದಾರಿಯಾದರೂ ಮಂಗಳೂರು ಮುಟ್ಟಲು ಸುಮಾರು 900 ಕಿ.ಮೀ. ಕ್ರಮಿಸಬೇಕು. ಹೊರಡುವ ಮುಂಚಿನ ದಿನ ಎಂಜಿನ್ ಆಯಿಲ್ ನೋಡುತ್ತಾರೆ, ಎ.ಸಿ. ನೋಡುತ್ತಾರೆ, ಡ್ಯಾಶ್‌ಬೋರ್ಡಿನ ಗಣಪತಿಗೆ ಹೂ ಇಡುತ್ತಾರೆ. ಟಯರಿಗೆ ಮಾತ್ರ ಕಾಲಿನಿಂದ ಒಂದು ಒದೆ ಕೊಟ್ಟು ‘ಸರಿ ಉಂಟು’ ಎಂದುಬಿಡುತ್ತಾರೆ.

ಈ ಒದೆಯಿಂದ ಏನೂ ಗೊತ್ತಾಗುವುದಿಲ್ಲ. ಈಗಿನ ರೇಡಿಯಲ್ ಟಯರುಗಳಲ್ಲಿ ಏಳೆಂಟು ಪಿಎಸ್‌ಐ ಗಾಳಿ ಕಡಿಮೆಯಾದರೂ ಕಣ್ಣಿಗೆ ಕಾಣದು. ವಾರಗಟ್ಟಲೆ ಸೊಸೈಟಿಯ ಕಂಪೌಂಡಿನಲ್ಲಿ ನಿಂತೇ ಇದ್ದ ಕಾರಿನ ಗಾಳಿಯೂ ತಾನಾಗಿಯೇ ಇಳಿಯುತ್ತದೆ. ಕಡಿಮೆ ಗಾಳಿಯ ಟಯರಿನ ಪಕ್ಕೆ ಪ್ರತಿ ಸುತ್ತಿನಲ್ಲೂ ಬಾಗಿ ಬಾಗಿ ಕಾಯುತ್ತದೆ. ಬೇಸಿಗೆಯ ಮಧ್ಯಾಹ್ನ, ಕಾಂಕ್ರೀಟ್ ರಸ್ತೆ, ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ 100 ಕಿ.ಮೀ. ವೇಗ ಸೇರಿದರೆ ಟಯರು ಸಿಡಿಯಲು ಬೇರೆ ಕಾರಣ ಬೇಕಿಲ್ಲ. ಅಂಥ ವೇಗದಲ್ಲಿ ಮುಂದಿನ ಚಕ್ರ ಸಿಡಿದರೆ ಅನುಭವಿ ಚಾಲಕನ ಕೈಯಲ್ಲೂ ಸ್ಟಿಯರಿಂಗ್ ನಿಲ್ಲುವುದು ಕಷ್ಟ.

ಎಷ್ಟು ಗಾಳಿ ಬೇಕೆಂಬುದನ್ನು ಬಂಕಿನ ಹುಡುಗನಲ್ಲಿ ಕೇಳಬೇಕಾಗಿಲ್ಲ. ಚಾಲಕನ ಬದಿಯ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಬದಿಯಲ್ಲಿ, ಚೀಟಿ ಅಂಟಿಸಿರುತ್ತದೆ. ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿದ್ದರೆ ಊರಿನ ಪ್ರಯಾಣಕ್ಕೆ ಅದನ್ನೇ ಹಿಡಿಯಬೇಕು. ಟಯರಿನ ಪಕ್ಕೆಯಲ್ಲಿ ಅಚ್ಚಾಗಿರುವ ಅಂಕಿ ಗರಿಷ್ಠ ಮಿತಿ; ಅದನ್ನು ನೋಡಿ ಗಾಳಿ ತುಂಬಿಸುವವರೂ ಇದ್ದಾರೆ, ಅದು ತಪ್ಪು.

ಚೀಟಿಯ ಅಂಕಿ ತಣ್ಣಗಿರುವ ಟಯರಿನದು. ಮನೆಯಲ್ಲೇ ನೋಡಬೇಕು ಎನ್ನುವುದು ಇದಕ್ಕಾಗಿ. ಬೆಳಿಗ್ಗೆ ಕಾರು ತೆಗೆಯುವ ಮೊದಲು, ಬಿಸಿಲು ಬೀಳುವ ಮುಂಚೆ, ವಾಲ್ವಿನ ಟೋಪಿ ಬಿಚ್ಚಿ ಗೇಜನ್ನು ನೇರವಾಗಿ ಒತ್ತಬೇಕು. ‘ಸುಂಯ್’ ಶಬ್ದ ನಿಂತ ಮೇಲೆ ಬಂದ ಅಂಕಿಯೇ ಲೆಕ್ಕಕ್ಕೆ. ಎರಡು ಸಲ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಮನೆಯಲ್ಲಿ ಸಣ್ಣ ಪಂಪ್ ಇದ್ದರೆ ಒಂದೆರಡು ಪಿಎಸ್‌ಐ ಹೆಚ್ಚು ತುಂಬಿ, ಗೇಜಿನಿಂದ ನೋಡುತ್ತ ಸ್ವಲ್ಪ ಸ್ವಲ್ಪವೇ ಬಿಟ್ಟು ಸರಿಮಾಡಬಹುದು.

ಪಂಪ್ ಇಲ್ಲದವರು ಬಂಕಿಗೇ ಹೋಗಬೇಕು. ಅಷ್ಟು ದೂರ ಓಡುವುದರೊಳಗೆ ಟಯರು ಬಿಸಿಯಾಗಿ ಅಂಕಿ ಏರಿರುತ್ತದೆ. ಆಗ ಕೊರತೆಯ ಲೆಕ್ಕ ಹಿಡಿಯಬೇಕು. ಬೇಕಾದದ್ದು 33, ಮನೆಯಲ್ಲಿ ಕಂಡದ್ದು 28 ಎಂದಾದರೆ ಕೊರತೆ 5. ಬಂಕಿನಲ್ಲಿ ಅದೇ ಗೇಜು 31 ತೋರಿಸಿದರೆ 36ರ ವರೆಗೆ ತುಂಬಬೇಕು. 33ಕ್ಕೆ ನಿಲ್ಲಿಸಿದರೆ ತಣ್ಣಗಾದಾಗ ಮತ್ತೆ ಕಡಿಮೆಯೇ. ಹಾಗೆಯೇ ದಾರಿಯಲ್ಲಿ ಚಹಾಕ್ಕೆ ನಿಂತಾಗ ಅಂಕಿ ಏರಿದೆಯೆಂದು ಬಿಸಿ ಟಯರಿನಿಂದ ಗಾಳಿ ಬಿಡಬಾರದು.

ಕೈಗೇಜಿಗೆ ಕೆಲವು ನೂರು ರೂಪಾಯಿ ಸಾಕು. ಸಂಘಗಳು ವರ್ಷಕ್ಕೊಮ್ಮೆ ವೈದ್ಯಕೀಯ ಶಿಬಿರ ನಡೆಸುತ್ತವೆ, ನೋಟ್‌ಬುಕ್ ವಿತರಿಸುತ್ತವೆ, ಸನ್ಮಾನದ ಶಾಲುಗಳಿಗೂ ಸಾಕಷ್ಟು ವೆಚ್ಚವಾಗುತ್ತದೆ. ಒಂದು ಒಳ್ಳೆಯ ಗೇಜು ಮತ್ತು ಪಂಪ್ ಕಚೇರಿಯಲ್ಲಿಟ್ಟು, ರಜೆಗೆ ಮೊದಲಿನ ಒಂದು ಭಾನುವಾರ ಯುವ ವಿಭಾಗದವರಿಂದ ಸದಸ್ಯರಿಗೆ ಇದನ್ನು ಮಾಡಿ ತೋರಿಸಲು ಪದಾಧಿಕಾರಿಗಳು ಮನಸ್ಸು ಮಾಡಬೇಕು. ಹಿರಿಯ ಸದಸ್ಯರಿಗೆ ಬಗ್ಗಿ ಕೂರುವುದು ಕಷ್ಟ. ಅವರ ಕಾರನ್ನು ಹುಡುಗರೇ ನೋಡಿಕೊಡಲಿ.

ಡಿಕ್ಕಿಯಲ್ಲಿ ಬ್ಯಾಗುಗಳ ಕೆಳಗೆ ಮಲಗಿರುವ ಸ್ಟೆಪ್ನಿಗೂ ಅದೇ ಬೆಳಿಗ್ಗೆ ಗೇಜು ಒತ್ತಬೇಕು. ಸಾಮಾನು ತುಂಬಿದ ಮೇಲೆ ಅದನ್ನು ಯಾರೂ ತೆಗೆದು ನೋಡುವುದಿಲ್ಲ.