ಹವಳ ಕಲ್ಲಲ್ಲ, ಜೀವ

"ರಜೆಗೆ ಮುರ್ಡೇಶ್ವರಕ್ಕ ಹೊಂಟೀವ್ರಿ. ನೇತ್ರಾಣಿ ದ್ವೀಪದ ನೀರಾಗ ಇಳಿದು ಹವಳ ನೋಡಬೇಕಂತ ಹುಡುಗರು ಹಠ ಹಿಡದಾವ. ಕಳಸಲೇನ್ರಿ ಅಕ್ಕಾರ?" ಎಂದು ಸಿಂಧನೂರಿನ ಸೋದರಿಯೊಬ್ಬರು ಕೇಳಿದ್ದಾರೆ.

ಅಗತ್ಯ ಕಳಿಸಿರಿ ತಾಯಿ, ಆದರೆ ಅಲ್ಲಿ ಜಾತ್ರೆ ಮಾಡಬೇಡಿರಿ. ನಮ್ಮ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ ಬಂಡೆಗಲ್ಲಿನದು. ಎರಡು ಸಾವಿರ ವರ್ಷ ತಾಳಿದೆ. ಹವಳ ಹಾಗಲ್ಲ. ಅದು ಸಣ್ಣ ಸಣ್ಣ ಜೀವಿಗಳು ಕೂಡಿ ಕಟ್ಟಿದ ಮನೆ. ವರ್ಷಕ್ಕೆ ಬೆರಳಿನಗಲವೂ ಬೆಳೆಯದ ಜಾತಿಗಳುಂಟು. ದೋಣಿಗಳು ಮುಗಿಬಿದ್ದರೆ ಲಂಗರು ತಾಗಿ ಮುರಿಯುತ್ತದೆ. ಕಾಲು ಕೆದರಿದ ಮರಳು ಮೇಲೆ ಕೂತು ಸಾಯುತ್ತದೆ. ಹವಳ ಸತ್ತರೆ ಮೀನಿಗೂ ನೆಲೆಯಿಲ್ಲ.

ಗದ್ದಲವಿಲ್ಲದ ದಿನ, ಜನ ಕಡಿಮೆಯಿರುವ ದೋಣಿ ನೋಡಿಕೊಳ್ಳಿರಿ. "ಮುಟ್ಟಬೇಡ, ಮೇಲೆ ನಿಲ್ಲಬೇಡ, ಚೂರೂ ತರಬೇಡ" ಎಂದು ಹೇಳಿಯೇ ಕಳಿಸಿರಿ. ಅಂಗಳದ ರಂಗೋಲಿ ತುಳಿಯದ ಮಕ್ಕಳಿಗೆ ಇಷ್ಟು ತಿಳಿಯದೇ?